ಕಡಿಮೆ ಖರ್ಚಿನಲ್ಲಿ ಕಡಲನೀರಿನ ತೊಟ್ಟಿ

ಕಡಲನೀರಿನ ಮೀನುತೊಟ್ಟಿಯಲ್ಲಿ ಎಲ್ಲಕ್ಕೂ ಮೂಲ ನೀರು. ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣ ಕರಗಿರುತ್ತದೆ. ಸಿಹಿನೀರಿನ ಮೀನಿನ ಮೈಯೊಳಗೆ ಸುತ್ತಲಿನ ನೀರಿಗಿಂತ ಉಪ್ಪು ಹೆಚ್ಚು. ಆದ್ದರಿಂದ ನೀರು ತಾನಾಗಿ ಅದರ ಮೈಯೊಳಕ್ಕೆ ಇಳಿಯುತ್ತದೆ, ಮೀನು ಅದನ್ನು ಮೂತ್ರವಾಗಿ ಹೊರಹಾಕುತ್ತ ಇರುತ್ತದೆ. ಕಡಲ ಮೀನಿನ ಪಾಡು ಇದಕ್ಕೆ ತಿರುಗುಮುರುಗು. ಅದರ ಮೈಯ ನೀರು ಹೊರಕ್ಕೆ ಹೋಗುತ್ತಲೇ ಇರುತ್ತದೆ. ಅದು ಕಡಲನೀರನ್ನೇ ಕುಡಿದು, ಬೇಡದ ಉಪ್ಪನ್ನು ಕಿವಿರುಗಳ ಮೂಲಕ ಹೊರಗೆ ತಳ್ಳಿ ಬದುಕುತ್ತದೆ. ಈ ಕೆಲಸಕ್ಕೆ ಹಗಲೂ ರಾತ್ರಿ ಶಕ್ತಿ ವ್ಯಯವಾಗುತ್ತದೆ. ನೀರಿನ ಉಪ್ಪು, ಬಿಸಿ, ಶುದ್ಧಿ ಇವುಗಳಲ್ಲಿ ಒಂದು ದಿಢೀರನೆ ಏರುಪೇರಾದರೂ ಮೀನು ಸೋಲುತ್ತದೆ. ಹೀಗಾಗಿ ಕಡಲ ಮೀನು ಸಾಕುವವರು ಮೊದಲು ನೀರನ್ನು ಸಾಕಲು ಕಲಿಯಬೇಕು.

ಕಡಲ ಮೀನನ್ನು ಗಾಜಿನ ಹಿಂದೆ ಇಟ್ಟು ಜನರಿಗೆ ತೋರಿಸುವ ಕೆಲಸದಲ್ಲಿ ಮದರಾಸು ಮುಂದಾಳಾಗಿತ್ತು. ಸರ್ಕಾರಿ ವಸ್ತುಸಂಗ್ರಹಾಲಯದ ಮುಖ್ಯಸ್ಥರಾಗಿದ್ದ ಎಡ್ಗರ್ ಥರ್ಸ್ಟನ್ ಅವರ ಆಸಕ್ತಿಯಿಂದ ಮೂಡಿದ ಮರೀನಾ ಅಕ್ವೇರಿಯಂ 1909ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಮುಚ್ಚಿಹೋಯಿತು. ಮುಂಬಯಿಯ ತಾರಾಪೊರವಾಲಾ ಮತ್ಸ್ಯಾಲಯ ತೆರೆದದ್ದು 1951ರಲ್ಲಿ. ಇಂದು ಚೆನ್ನೈಯ ಪೂರ್ವ ಕರಾವಳಿ ರಸ್ತೆಯಲ್ಲಿ 2019ರಲ್ಲಿ ಆರಂಭವಾದ ವಿಜಿಪಿ ಮರೈನ್ ಕಿಂಗ್‌ಡಮ್ ಇದೆ. ನಗರದ ಉತ್ತರಕ್ಕಿರುವ ಕೊಳತ್ತೂರು ಬಣ್ಣದ ಮೀನಿನ ಸಗಟು ವ್ಯಾಪಾರಕ್ಕೆ ಹೆಸರಾದ ಜಾಗ. ಅಲ್ಲಿ ತೊಟ್ಟಿ, ಪಂಪು, ದೀಪ, ಉಪ್ಪು ಎಲ್ಲವನ್ನೂ ಹತ್ತಾರು ಅಂಗಡಿಗಳಲ್ಲಿ ಹೋಲಿಸಿ ಕೊಳ್ಳಬಹುದು. ಮಧ್ಯಮ ವರ್ಗದ ಮನೆಯೊಂದು ಕಡಲನೀರಿನ ತೊಟ್ಟಿ ಇಡಲು ಚೆನ್ನೈ ಅನುಕೂಲವಾದ ಊರು. ಆದರೆ ಇಲ್ಲಿನ ಸೆಕೆ, ಇಲ್ಲಿನ ನೀರು, ಇಲ್ಲಿನ ಚಂಡಮಾರುತ ಈ ಮೂರನ್ನೂ ಲೆಕ್ಕಕ್ಕೆ ಹಿಡಿದೇ ಕೆಲಸ ಶುರುಮಾಡಬೇಕು.

ಕಡಿಮೆ ಖರ್ಚಿನ ತೊಟ್ಟಿಯ ಗುಟ್ಟು ತಾಳ್ಮೆ. ಹಣವಿದ್ದವರು ದೊಡ್ಡ ಯಂತ್ರಗಳಿಂದ ಮಾಡಿಸುವ ಕೆಲಸವನ್ನು ಹಣ ಕಡಿಮೆ ಇರುವವರು ಕಾಲದಿಂದ ಮಾಡಿಸಬೇಕು. ಮೀನು ಕಡಿಮೆ ಇದ್ದರೆ ಕಸ ಕಡಿಮೆ. ಕಸ ಕಡಿಮೆಯಾದರೆ ಯಂತ್ರವೂ ಕಡಿಮೆ ಸಾಕು. ಗಾಜು, ಸ್ಟ್ಯಾಂಡು, ದೀಪ, ಅಲಂಕಾರ ಇವುಗಳಲ್ಲಿ ಉಳಿತಾಯ ಮಾಡಬಹುದು. ಉಪ್ಪು, ನೀರನ್ನು ಅಳೆಯುವ ಸಾಧನ, ನೀರನ್ನು ಓಡಾಡಿಸುವ ಪಂಪು, ವಿದ್ಯುತ್ತಿನ ಸುರಕ್ಷತೆ ಈ ನಾಲ್ಕರಲ್ಲಿ ಉಳಿಸಿದ ಹಣ ಮೀನಿನ ಸಾವಾಗಿ ಹಿಂತಿರುಗುತ್ತದೆ.

ಮೊದಲನೆಯದು ತೊಟ್ಟಿ. ಅದರ ಗಾತ್ರದಲ್ಲಿ ಹೊಸಬರು ಸಾಮಾನ್ಯವಾಗಿ ಎಡವುತ್ತಾರೆ. ಚಿಕ್ಕ ತೊಟ್ಟಿ ಅಗ್ಗವಾಗಿ ಸಿಗುತ್ತದೆ, ಆದರೆ ನೀರನ್ನು ಹದದಲ್ಲಿಡುವುದು ಅದರಲ್ಲೇ ಕಷ್ಟ. 20 ಲೀಟರ್ ನೀರಿರುವ ತೊಟ್ಟಿಯಿಂದ ಒಂದು ಲೀಟರ್ ಆವಿಯಾದರೆ ಉಪ್ಪು ಲೀಟರಿಗೆ 35 ಗ್ರಾಂನಿಂದ ಸುಮಾರು 37ಕ್ಕೆ ಏರುತ್ತದೆ. 85 ಲೀಟರ್ ಇರುವಲ್ಲಿ ಅಷ್ಟೇ ನೀರು ಹೋದರೆ ಏರಿಕೆ ಅರ್ಧ ಗ್ರಾಂ ಕೂಡ ಇಲ್ಲ. ಎರಡೂವರೆ ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ತೊಟ್ಟಿ ಮೊದಲ ಪ್ರಯತ್ನಕ್ಕೆ ಹೊಂದುತ್ತದೆ. ಇದರ ಪೂರ್ತಿ ಅಳತೆ ಸುಮಾರು 110 ಲೀಟರ್. ಮೇಲೆ ಎರಡು ಅಂಗುಲ ಬಿಟ್ಟು, ಕಲ್ಲು ಮರಳು ತುಂಬಿದ ಮೇಲೆ ಉಳಿಯುವ ನೀರು 85 ಲೀಟರಿನ ಆಸುಪಾಸು. 8 ಮಿಲಿಮೀಟರ್ ದಪ್ಪದ ಗಾಜು ಇದಕ್ಕೆ ಸಾಕು.

ಗಾಜು, ನೀರು, ಕಲ್ಲು, ಮರಳು ಸೇರಿ ಈ ತೊಟ್ಟಿಯ ತೂಕ 130 ಕಿಲೋ ದಾಟುತ್ತದೆ. ಟಿ.ವಿ. ಇಡುವ ಷೋಕೇಸು ಇದನ್ನು ಹೊರಲಾರದು. ಕಬ್ಬಿಣದ ಸ್ಟ್ಯಾಂಡಿಗೆ ಚೆನ್ನೈಯ ಗಾಳಿಯೇ ತುಕ್ಕು ಹಿಡಿಸುತ್ತದೆ. ಉಪ್ಪುನೀರಿನ ಹನಿ ಬಿದ್ದರೆ ಕೇಳುವುದೇ ಬೇಡ. ಸಿಮೆಂಟಿನ ಹಾಲೋ ಬ್ಲಾಕುಗಳನ್ನು ಎರಡು ಸಾಲಾಗಿ ಪೇರಿಸಿ, ಮೇಲೆ ಕಡಪ ಕಲ್ಲಿನ ಚಪ್ಪಡಿ ಹಾಸಿ, ಅದರ ಮೇಲೆ ಒಂದು ಥರ್ಮಾಕೋಲ್ ಹಾಳೆ ಇಟ್ಟರೆ ಅಗ್ಗದ ಗಟ್ಟಿ ಪೀಠ ಸಿದ್ಧ. ಪೀಠ ಮಟ್ಟವಾಗಿದೆಯೇ ಎಂದು ರಸಮಟ್ಟ ಇಟ್ಟು ನೋಡಬೇಕು. ಕಿಟಕಿಯ ಬಿಸಿಲು, ಪಡುವಣ ಗೋಡೆಯ ಕಾವು ತಾಗದ ಜಾಗ ಬೇಕು. ಬಳಸಿದ ತೊಟ್ಟಿಯನ್ನು ಕೊಳ್ಳುವುದಾದರೆ ಮೂಲೆಗಳ ಸಿಲಿಕೋನ್ ಬಿರಿದಿದೆಯೇ ಎಂದು ಉಗುರಿನಿಂದ ಒತ್ತಿ ನೋಡಬೇಕು; ಅದರಲ್ಲಿ ಹಿಂದೆ ತಾಮ್ರದ ಔಷಧಿ ಬಳಸಿದ್ದರೋ ಎಂದು ಕೇಳಬೇಕು. ತಾಮ್ರದ ಅಂಶ ಉಳಿದಿದ್ದರೆ ಸೀಗಡಿ, ಬಸವನಹುಳು, ಏಡಿಗಳು ಅದರಲ್ಲಿ ಬದುಕುವುದಿಲ್ಲ. ಯಾವ ತೊಟ್ಟಿಯೇ ಆಗಲಿ, ಬಾಲ್ಕನಿಯಲ್ಲಿಟ್ಟು ನಲ್ಲಿ ನೀರು ತುಂಬಿ ಮೂರು ದಿನ ಬಿಟ್ಟು, ಸೋರಿಕೆ ಇಲ್ಲವೆಂದು ಖಚಿತವಾದ ಮೇಲೇ ಒಳಗೆ ತರಬೇಕು.

ಎರಡನೆಯದು ನೀರು. ಅಡುಗೆಮನೆಯ ಕಲ್ಲುಪ್ಪನ್ನು ಕರಗಿಸಿದರೆ ಕಡಲನೀರು ಆಗುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಉತ್ತರ ಉಪ್ಪಿನ ಆಗರಗಳಲ್ಲಿದೆ. ತೂತುಕುಡಿಯಲ್ಲಾಗಲಿ ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಾಗಲಿ ಕಡಲನೀರನ್ನು ಪಾತಿಗಳಲ್ಲಿ ನಿಲ್ಲಿಸಿ ಬಿಸಿಲಿಗೆ ಬತ್ತಿಸುತ್ತಾರೆ. ನೀರು ಗಟ್ಟಿಯಾಗುತ್ತ ಹೋದಂತೆ ಮೊದಲು ಕ್ಯಾಲ್ಸಿಯಂ ಜಿಪ್ಸಂ ರೂಪದಲ್ಲಿ ಕೆಳಗೆ ಕೂರುತ್ತದೆ. ಆಮೇಲೆ ಸೋಡಿಯಂ ಕ್ಲೋರೈಡ್ ಹರಳುಗಟ್ಟುತ್ತದೆ. ಅದೇ ಅಡುಗೆಯ ಉಪ್ಪು. ಕೊನೆಗೆ ಉಳಿಯುವ ಕಹಿನೀರಿನಲ್ಲಿ ಮೆಗ್ನೀಸಿಯಂ ಹೊರಟುಹೋಗುತ್ತದೆ. ಹೀಗೆ ಒಳ್ಳೆಯ ಕಲ್ಲುಪ್ಪು ಎಂದರೆ ಕಡಲಿನ ಉಳಿದ ಲವಣಗಳನ್ನು ಕಳೆದುಕೊಂಡ ಉಪ್ಪು. ಕಡಲನೀರಿನ ಲವಣದಲ್ಲಿ ಸೋಡಿಯಂ ಕ್ಲೋರೈಡ್ ಮುಕ್ಕಾಲು ಭಾಗಕ್ಕಿಂತ ತುಸು ಹೆಚ್ಚು. ಮಿಕ್ಕಿದ್ದು ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದವು. ಲೀಟರಿಗೆ ಸುಮಾರು 1,300 ಮಿಲಿಗ್ರಾಂ ಮೆಗ್ನೀಸಿಯಂ, 400 ಮಿಲಿಗ್ರಾಂ ಕ್ಯಾಲ್ಸಿಯಂ ಇಲ್ಲದ ನೀರು ಕಡಲ ಜೀವಿಗೆ ಒಗ್ಗುವುದಿಲ್ಲ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಮಿಶ್ರ ಕಡಲುಪ್ಪು ಇವೆಲ್ಲವನ್ನೂ ಸರಿಯಾದ ಪ್ರಮಾಣದಲ್ಲಿ ಕೊಡುತ್ತದೆ.

ಉಪ್ಪು ಬೆರೆಸುವ ನೀರು ಶುದ್ಧವಾಗಿರಬೇಕು. ಚೆನ್ನೈಯ ಬೋರ್‌ವೆಲ್ ನೀರು ಬಹುತೇಕ ಕಡೆ ಗಡಸು. ಮೆಟ್ರೋ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಮನೆಯಲ್ಲಿ ಆರ್‌ಒ ಯಂತ್ರವಿದ್ದರೆ ಅದರ ನೀರು, ಇಲ್ಲವಾದರೆ 20 ಲೀಟರಿನ ಕ್ಯಾನ್ ನೀರು ಸಾಕು. ಮೊದಲ ಭರ್ತಿಗೆ ನಾಲ್ಕೈದು ಕ್ಯಾನ್ ಬೇಕಾದೀತು. ನೀರಿನಲ್ಲಿ ಕರಗಿರುವ ಒಟ್ಟು ಪದಾರ್ಥವನ್ನು ತೋರಿಸುವ ಟಿಡಿಎಸ್ ಮೀಟರು ಪೆನ್ನಿನಷ್ಟು ಚಿಕ್ಕದು, ಬೆಲೆಯೂ ಹೆಚ್ಚಲ್ಲ. ಅಂಕಿ 50ರ ಒಳಗಿದ್ದರೆ ಒಳ್ಳೆಯದು.

ಆಹಾರಕ್ಕೆ ಬಳಸುವ ದರ್ಜೆಯ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು ತುಂಬಿ, ಚಿಕ್ಕ ಪಂಪು ಓಡಿಸಿ, ಉಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯಬೇಕು. ಉಪ್ಪಿಗೆ ನೀರು ಹಾಕಬಾರದು, ನೀರಿಗೆ ಉಪ್ಪು ಹಾಕಬೇಕು. ಇಲ್ಲದಿದ್ದರೆ ಕ್ಯಾಲ್ಸಿಯಂ ಬಿಳಿ ಹುಡಿಯಾಗಿ ತಳಕ್ಕೆ ಕೂರುತ್ತದೆ. ಇಡೀ ರಾತ್ರಿ ಪಂಪು ಓಡಿದ ಮೇಲೆ ಸಾಂದ್ರತೆ ನೋಡಬೇಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 1.025 ಬರಬೇಕು. ಮುಳ್ಳು ತಿರುಗುವ ಅಗ್ಗದ ಹೈಡ್ರೋಮೀಟರಿನ ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿಕೊಂಡರೂ ಅದು ತಪ್ಪು ತೋರಿಸುತ್ತದೆ. ಒಂದೆರಡು ಹನಿಯಲ್ಲಿ ಅಳೆಯುವ ರಿಫ್ರಾಕ್ಟೋಮೀಟರು ಹಲವು ವರ್ಷ ಬಾಳುವ ಸಾಧನ. ಇಲ್ಲಿ ಜಿಪುಣತನ ಬೇಡ. ಮೊದಲ ಭರ್ತಿಗೆ ಸುಮಾರು 3.2 ಕಿಲೋ ಉಪ್ಪು ಬೇಕು. ವಾರಕ್ಕೆ 10 ಲೀಟರ್ ನೀರು ಬದಲಿಸಿದರೆ ಪ್ರತಿ ಸಲ 380 ಗ್ರಾಂ. ಆರು ತಿಂಗಳಿಗೆ ಒಟ್ಟು 13 ಕಿಲೋ. ತಿಂಗಳ ಖರ್ಚನ್ನು ಈ ಲೆಕ್ಕದ ಮೇಲೆ ಮೊದಲೇ ಅಂದಾಜು ಮಾಡಿಕೊಳ್ಳಬಹುದು.

ಕಡಲೇ ಪಕ್ಕದಲ್ಲಿರುವಾಗ ಉಪ್ಪಿಗೆ ಹಣ ಏಕೆ ಎಂಬ ಪ್ರಶ್ನೆಯೂ ಇದೆ. ಕಡಲಿನಿಂದ ತಂದ ನೀರು ಬಳಸಬಹುದು, ಆದರೆ ಎಲ್ಲಿಂದ, ಯಾವಾಗ ಎಂಬುದೇ ಮುಖ್ಯ. ಕೂವಂ, ಅಡ್ಯಾರು ನದಿಗಳು ನಗರದ ಕೊಳೆಯನ್ನು ಮರೀನಾದ ಎರಡು ತುದಿಗಳಲ್ಲಿ ಕಡಲಿಗೆ ಬಿಡುತ್ತವೆ. ಎಣ್ಣೂರಿನ ಕಡೆ ಬಂದರು, ಕೈಗಾರಿಕೆಗಳಿವೆ. 2017ರ ಜನವರಿಯಲ್ಲಿ ಎರಡು ಹಡಗುಗಳು ಡಿಕ್ಕಿ ಹೊಡೆದು ಅಲ್ಲಿನ ಕಡಲಿಗೆ ಎಣ್ಣೆ ಸೋರಿತು, 2023ರ ಡಿಸೆಂಬರಿನ ಪ್ರವಾಹದಲ್ಲಿ ಮತ್ತೆ ಎಣ್ಣೆ ಹರಡಿತು. ಈ ಭಾಗದ ನೀರು ತೊಟ್ಟಿಗೆ ಬೇಡವೇ ಬೇಡ. ಇನ್ನೊಂದು ತೊಡಕು ಕಾಲದ್ದು. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಈಶಾನ್ಯ ಮಾರುತದ ಮಳೆಯ ಜೊತೆಗೆ, ಬಂಗಾಳ ಕೊಲ್ಲಿಯ ಉತ್ತರದ ನದಿಗಳ ನೀರು ಬೆರೆತ ಪ್ರವಾಹವೂ ಕರಾವಳಿಯುದ್ದಕ್ಕೂ ದಕ್ಷಿಣಕ್ಕೆ ಹರಿದು ಬರುತ್ತದೆ. ಕಡಲಿನ ಉಪ್ಪೇ ಇಳಿಯುತ್ತದೆ. ಬೇಸಗೆಯ ತಿಂಗಳುಗಳಲ್ಲಿ, ಊರು ದಾಟಿ ದಕ್ಷಿಣಕ್ಕೆ, ಕೋವಳಂ ಆಚೆ ನದೀಮುಖ, ಚರಂಡಿಗಳಿಂದ ದೂರದಲ್ಲಿ ದೋಣಿಯವರಿಂದ ತರಿಸಿದ ನೀರು ಮೇಲು. ಅದನ್ನು ದಟ್ಟ ಬಟ್ಟೆಯಲ್ಲಿ ಸೋಸಿ, ಮುಚ್ಚಿದ ಡ್ರಮ್ಮಿನಲ್ಲಿ ಕತ್ತಲೆಯಲ್ಲಿ ಎರಡು ಮೂರು ವಾರ ಇಟ್ಟರೆ ಸೂಕ್ಷ್ಮಜೀವಿಗಳು ಸತ್ತು ತಳ ಸೇರುತ್ತವೆ. ಮೇಲಿನ ತಿಳಿಯನ್ನು ಮಾತ್ರ ತೆಗೆದು, ಸಾಂದ್ರತೆ ಅಳೆದು ಬಳಸಬೇಕು. ಗಾಡಿ ಬಾಡಿಗೆ, ಹೊರುವ ಶ್ರಮ ಎಲ್ಲ ಸೇರಿಸಿದರೆ 85 ಲೀಟರಿನ ತೊಟ್ಟಿಗೆ ಮಿಶ್ರ ಉಪ್ಪೇ ನೆಮ್ಮದಿ.

ಮೂರನೆಯದು ಕಲ್ಲು ಮತ್ತು ಮರಳು. ಇದರಲ್ಲಿ ಹಣಕ್ಕಿಂತ ಮೊದಲು ಕಾನೂನು ಬರುತ್ತದೆ. ವಿದೇಶದ ಪುಸ್ತಕಗಳು ಹವಳದ ದಿಬ್ಬದಿಂದ ತೆಗೆದ ಜೀವಂತ ಕಲ್ಲನ್ನು, ಅಂದರೆ ಲೈವ್ ರಾಕ್ ಅನ್ನು, ಕೊಳ್ಳಲು ಹೇಳುತ್ತವೆ. ಭಾರತದಲ್ಲಿ 2001ರಿಂದ ಗಟ್ಟಿ ಹವಳಗಳು, ಕಡಲ ಬೀಸಣಿಗೆ, ಕಡಲ ಕುದುರೆ, ಕಡಲ ಸೌತೆ ಮೊದಲಾದವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ಸತ್ತ ಹವಳದ ತುಂಡನ್ನು ಇಟ್ಟುಕೊಳ್ಳುವುದೂ ಅಪರಾಧವಾಗಬಹುದು. ರಾಮನಾಥಪುರದಿಂದ ತೂತುಕುಡಿವರೆಗೆ ಹಬ್ಬಿರುವ ಮನ್ನಾರ್ ಕೊಲ್ಲಿಯ 21 ದ್ವೀಪಗಳು 1986ರಿಂದ ಕಡಲ ರಾಷ್ಟ್ರೀಯ ಉದ್ಯಾನ. ಅಲ್ಲಿನ ಹವಳ 2010ರಲ್ಲೂ 2016ರಲ್ಲೂ ಕಡಲು ಕಾದು ಬಿಳಿಚಿಹೋಯಿತು. ಅಂಥ ಕಡಲಿನಿಂದ ಒಂದು ತುಂಡನ್ನೂ ಮನೆಯ ಅಲಂಕಾರಕ್ಕೆ ಕಿತ್ತು ತರಬಾರದು.

ಹವಳಕ್ಕೆ ಬದಲು ಅಗ್ಗದ, ನಿರಪಾಯದ ದಾರಿಗಳಿವೆ. ಕಲ್ಲಿನ ಕೆಲಸ ಅದರ ಸಣ್ಣ ರಂಧ್ರಗಳಲ್ಲಿ ಉಪಕಾರಿ ಬ್ಯಾಕ್ಟೀರಿಯಗಳಿಗೆ ಮನೆ ಕೊಡುವುದು. ರಂಧ್ರಗಳಿರುವ ಸುಣ್ಣಕಲ್ಲು, ಅಂಗಡಿಯ ಸೆರಾಮಿಕ್ ಬಿಲ್ಲೆಗಳು ಈ ಕೆಲಸವನ್ನು ಚೆನ್ನಾಗಿ ಮಾಡುತ್ತವೆ. 8ರಿಂದ 10 ಕಿಲೋ ಕಲ್ಲು ಸಾಕು. ಸಿಮೆಂಟು, ಚಿಪ್ಪಿನ ಪುಡಿ, ಕಲ್ಲುಪ್ಪು ಕಲಸಿ ಕಲ್ಲನ್ನು ಮನೆಯಲ್ಲೇ ಮಾಡಬಹುದು. ಒಣಗಿದ ಮೇಲೆ ನೀರಿನಲ್ಲಿಟ್ಟರೆ ಉಪ್ಪು ಕರಗಿ ರಂಧ್ರಗಳು ಉಳಿಯುತ್ತವೆ. ಆದರೆ ಸಿಮೆಂಟಿನ ಕ್ಷಾರ ಪೂರ್ತಿ ಹೋಗಲು ಒಂದೆರಡು ತಿಂಗಳು ನೀರು ಬದಲಿಸುತ್ತ ನೆನೆಸಬೇಕು. ತಳಕ್ಕೆ ಒಂದು ಅಂಗುಲ ಹಾಸಲು ಕೋಳಿ ಆಹಾರದ ಅಂಗಡಿಯಲ್ಲಿ ಸಿಗುವ ಚಿಪ್ಪಿನ ನುಚ್ಚು ಒಳ್ಳೆಯದು; ಅದು ಸುಣ್ಣದ ಅಂಶವಾದ್ದರಿಂದ ನೀರಿನ ಪಿಎಚ್ ಕುಸಿಯುವುದನ್ನು ತಡೆಯಲು ನೆರವಾಗುತ್ತದೆ. ಧೂಳು ಹೋಗುವವರೆಗೆ ಬಕೆಟ್ಟಿನಲ್ಲಿ ತೊಳೆದೇ ಹಾಕಬೇಕು. ಬೀಚಿನ ಮರಳು ಬೇಡ. ಅದು ಹೆಚ್ಚಾಗಿ ಬೆಣಚುಕಲ್ಲಿನ ಪುಡಿ, ಜೊತೆಗೆ ಕಪ್ಪು ಖನಿಜ ಮತ್ತು ನಗರದ ಕೊಳೆ ಬೆರೆತಿರುತ್ತದೆ.

ನಾಲ್ಕನೆಯದು ಗಾಳಿ ಮತ್ತು ಬಿಸಿ. 28 ಡಿಗ್ರಿ ಬಿಸಿಯ ಸಿಹಿನೀರು ಲೀಟರಿಗೆ 7.8 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು. ಅದೇ ಬಿಸಿಯ ಕಡಲನೀರು 6.4 ಮಿಲಿಗ್ರಾಂ ಮಾತ್ರ. ಬಿಸಿ ಏರಿದಂತೆ ಅದೂ ಇಳಿಯುತ್ತದೆ. ಆದ್ದರಿಂದ ನೀರಿನ ಮೇಲ್ಮೈ ಸದಾ ಕಲಕುತ್ತಿರಬೇಕು. ತೊಟ್ಟಿಯ ನೀರನ್ನು ಗಂಟೆಗೆ ಹತ್ತರಿಂದ ಹದಿನೈದು ಬಾರಿ ಸುತ್ತಿಸುವ ಒಂದು ವೇವ್ ಮೇಕರು, ಹಿಂಬದಿ ತೂಗುಹಾಕುವ ಒಂದು ಫಿಲ್ಟರು ಇದ್ದರೆ ಆರಂಭಕ್ಕೆ ಸಾಕು. ಪ್ರೋಟೀನ್ ಸ್ಕಿಮ್ಮರು ಕರಗಿದ ಕೊಳೆಯನ್ನು ನೊರೆಯಾಗಿ ತೆಗೆಯುವ ಒಳ್ಳೆಯ ಯಂತ್ರ. ಆದರೆ ಎರಡು ಮೂರು ಮೀನಿನ ತೊಟ್ಟಿಯಲ್ಲಿ ವಾರದ ನೀರು ಬದಲಾವಣೆಯೇ ಆ ಕೆಲಸ ಮಾಡುತ್ತದೆ. ಹವಳವಿಲ್ಲದ ತೊಟ್ಟಿಗೆ ದುಬಾರಿ ದೀಪವೂ ಬೇಡ. ಸಾಧಾರಣ ಬಿಳಿ ಎಲ್‌ಇಡಿ ದಿನಕ್ಕೆ ಎಂಟು ಗಂಟೆ ಉರಿದರೆ ಸಾಕು. ಹೀಟರು ಚೆನ್ನೈಯಲ್ಲಿ ಬೇಕಾಗಿಲ್ಲ.

ಇಲ್ಲಿ ಬೇಕಾದದ್ದು ತಂಪು. ಮೇ ತಿಂಗಳ ಅಗ್ನಿ ನಕ್ಷತ್ರದ ದಿನಗಳಲ್ಲಿ ಹೊರಗಿನ ಬಿಸಿ 40 ಡಿಗ್ರಿ ಮುಟ್ಟುತ್ತದೆ, ಮುಚ್ಚಿದ ಕೋಣೆ 34 ಡಿಗ್ರಿಯಲ್ಲಿ ಕುದಿಯುತ್ತದೆ. ತೊಟ್ಟಿಯ ನೀರು 25ರಿಂದ 28 ಡಿಗ್ರಿಯಲ್ಲಿದ್ದರೆ ಚೆನ್ನ. 30 ದಾಟಿದರೆ ಅಪಾಯ ಶುರು. ಚಿಲ್ಲರ್ ಯಂತ್ರ ತೊಟ್ಟಿಗಿಂತಲೂ ದುಬಾರಿ. ಅದಕ್ಕೆ ಬದಲು ನೀರಿನ ಮೇಲೆ ಓರೆಯಾಗಿ ಗಾಳಿ ಬೀಸುವ ಒಂದೆರಡು ಪುಟ್ಟ ಫ್ಯಾನುಗಳು ಸಾಕಷ್ಟು ಕೆಲಸ ಮಾಡುತ್ತವೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವ ವಿದ್ಯೆಯೇ ಇದು. ಒಂದು ಲೀಟರ್ ನೀರು ಆವಿಯಾಗುವಾಗ ಹೊತ್ತೊಯ್ಯುವ ಶಾಖ 85 ಲೀಟರ್ ನೀರನ್ನು ಆರು ಡಿಗ್ರಿಗೂ ಹೆಚ್ಚು ತಣಿಸಬಲ್ಲಷ್ಟು. ಕೋಣೆಯ ಕಾವು ಹಿಂದಿನಿಂದ ಬಂದು ಸೇರುತ್ತಲೇ ಇರುವುದರಿಂದ, ಕಡಲಗಾಳಿಯ ತೇವದಿಂದ ಆವಿಯಾಗುವುದೂ ನಿಧಾನವಾಗುವುದರಿಂದ, ನಿಜವಾಗಿ ಸಿಗುವ ತಂಪು ಎರಡು ಮೂರು ಡಿಗ್ರಿ. ತೊಟ್ಟಿಯ ಗಾಜಿನ ಮುಚ್ಚಳ ತೆಗೆದು ಬಲೆ ಹೊದಿಸಿ, ದೀಪವನ್ನು ರಾತ್ರಿಗೆ ಸರಿಸಿ, ಕಿಟಕಿಗೆ ಪರದೆ ಇಳಿಸಿದರೆ ಇನ್ನೂ ಒಂದು ಡಿಗ್ರಿ ಉಳಿಯುತ್ತದೆ. ತೀರಾ ಬಿಸಿಯ ಮಧ್ಯಾಹ್ನ ಸೀಸೆಯಲ್ಲಿ ಹೆಪ್ಪುಗಟ್ಟಿಸಿದ ನೀರನ್ನು ತೇಲಿಬಿಡಬಹುದು.

ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಇದನ್ನು ಮರೆತವರ ತೊಟ್ಟಿ ದಿನದಿನಕ್ಕೂ ಹೆಚ್ಚು ಉಪ್ಪಾಗುತ್ತದೆ. ಗಾಜಿನ ಹೊರಬದಿಗೆ ನೀರಿನ ಮಟ್ಟದಲ್ಲಿ ಒಂದು ಬಿಳಿ ಟೇಪು ಅಂಟಿಸಿ, ದಿನಾ ಬೆಳಿಗ್ಗೆ ಆ ಗೆರೆಯವರೆಗೆ ಶುದ್ಧ ಸಿಹಿನೀರು ತುಂಬುವುದೇ ಸುಲಭದ ಉಪಾಯ. ಫ್ಯಾನು ಓಡುವ ದಿನಗಳಲ್ಲಿ ಇದಕ್ಕೆ ಒಂದರಿಂದ ಎರಡು ಲೀಟರ್ ಬೇಕಾಗುತ್ತದೆ.

ವಿದ್ಯುತ್ತಿನ ಖರ್ಚು ಕಡಿಮೆಯೇ. 5 ವಾಟಿನ ವೇವ್ ಮೇಕರು, 8 ವಾಟಿನ ಫಿಲ್ಟರು ಹಗಲೂ ರಾತ್ರಿ, 30 ವಾಟಿನ ದೀಪ ಎಂಟು ಗಂಟೆ, 10 ವಾಟಿನ ಫ್ಯಾನು ಹನ್ನೆರಡು ಗಂಟೆ ಓಡಿದರೂ ತಿಂಗಳಿಗೆ 20 ಯೂನಿಟ್ಟು. ಆದರೆ ಉಪ್ಪುನೀರು ವಿದ್ಯುತ್ತನ್ನು ಸಲೀಸಾಗಿ ಹರಿಸುತ್ತದೆ. ಪ್ಲಗ್ಗಿಗೆ ಹೋಗುವ ಪ್ರತಿಯೊಂದು ವೈರನ್ನೂ ಪ್ಲಗ್ಗಿಗಿಂತ ಕೆಳಗೆ ಇಳಿಬಿಟ್ಟು ಮೇಲಕ್ಕೆ ತಿರುಗಿಸಬೇಕು. ಹನಿ ಬಿದ್ದರೂ ಆ ಬಳುಕಿನಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ. ಮನೆಯ ಬೋರ್ಡಿನಲ್ಲಿ, ವಿದ್ಯುತ್ತು ಸೋರಿದರೆ ತಾನಾಗಿ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಬೇಕು. ನೀರಿಗೆ ಕೈ ಹಾಕುವ ಮುನ್ನ ಸ್ವಿಚ್ಚು ಆರಿಸುವುದು ಮನೆಮಂದಿಗೆಲ್ಲ ರೂಢಿಯಾಗಬೇಕು.

ಐದನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಕಾಯುವಿಕೆ. ಹವ್ಯಾಸಿಗಳು ಇದನ್ನು ಸೈಕ್ಲಿಂಗ್ ಎನ್ನುತ್ತಾರೆ. ಮೀನಿನ ಕಸದಿಂದ, ಉಳಿದ ಆಹಾರದಿಂದ ಅಮೋನಿಯ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಆಗಿಸುತ್ತದೆ. ಇನ್ನೊಂದು ಬಗೆ ಆ ನೈಟ್ರೈಟನ್ನು ಅಷ್ಟು ಹಾನಿಯಿಲ್ಲದ ನೈಟ್ರೇಟ್ ಆಗಿಸುತ್ತದೆ. ಕಡಲನೀರಿನ ಪಿಎಚ್ 8.2ರ ಸುಮಾರು. ಅಮೋನಿಯದ ವಿಷಕಾರಿ ರೂಪದ ಪಾಲು ಪಿಎಚ್ 7ರ ಸಿಹಿನೀರಿಗಿಂತ ಇಲ್ಲಿ ಸುಮಾರು ಹತ್ತು ಪಟ್ಟು ಹೆಚ್ಚು. ಈ ಬ್ಯಾಕ್ಟೀರಿಯಗಳು ನೆಲೆಯೂರುವ ಮೊದಲೇ ಬಿಟ್ಟ ಮೀನು ತನ್ನ ಕಸದ ವಿಷದಲ್ಲೇ ಸಾಯುತ್ತದೆ. ಹೊಸಬರ ತೊಟ್ಟಿಗಳು ಮೊದಲ ತಿಂಗಳಲ್ಲೇ ಬರಿದಾಗುವುದು ಹೆಚ್ಚಾಗಿ ಇದರಿಂದ.

ಇದನ್ನು ಶುರುಮಾಡಲು ಚಿಂತಾದ್ರಿಪೇಟೆಯ ಅಥವಾ ಕಾಸಿಮೇಡಿನ ಮೀನು ಮಾರುಕಟ್ಟೆಯಿಂದ ತಂದ ಒಂದು ಸೀಗಡಿ ಸಾಕು; ಅಲ್ಲಿ ಇರಾಲ್ ಎಂದು ಕೇಳಬೇಕು. ಸಿಪ್ಪೆ ಸಹಿತ ಹಸಿ ಸೀಗಡಿಯನ್ನು ಹಳೆಯ ನೈಲಾನ್ ಕಾಲುಚೀಲದ ತುಂಡಿನಲ್ಲಿ ಕಟ್ಟಿ, ಮೀನಿಲ್ಲದ ತೊಟ್ಟಿಯಲ್ಲಿ ಇಳಿಬಿಡಬೇಕು. ಮೂರು ನಾಲ್ಕು ದಿನಕ್ಕೆ ಸೀಗಡಿ ಬೂದುಗಟ್ಟಿ ಮೆತ್ತಗಾಗುತ್ತದೆ, ನೀರು ಮಜ್ಜಿಗೆ ತಿಳಿಯಂತೆ ಮಸುಕಾಗುತ್ತದೆ. ಅಮೋನಿಯದ ಟೆಸ್ಟ್ ಕಿಟ್ಟಿನ ಸೀಸೆಯಲ್ಲಿ ಹಳದಿಯಿದ್ದ ಬಣ್ಣ ಹಸಿರಿಗೆ ತಿರುಗುತ್ತದೆ. ಆಗ ಸೀಗಡಿಯನ್ನು ತೆಗೆಯಬೇಕು. ಎರಡನೇ ವಾರದ ಹೊತ್ತಿಗೆ ಅಮೋನಿಯ ಇಳಿಯತೊಡಗಿ ನೈಟ್ರೈಟ್ ಏರುತ್ತದೆ. ಮೂರನೇ ವಾರ ಮರಳಿನ ಮೇಲೆ, ಗಾಜಿನ ಮೇಲೆ ಕಂದು ಬಣ್ಣದ ನುಣುಪು ಪೊರೆ ಹಬ್ಬುತ್ತದೆ. ಅದು ಡಯಾಟಂ ಪಾಚಿ, ತಾನಾಗಿ ಕಡಿಮೆಯಾಗುತ್ತದೆ. ಬೆಳೆದು ನಿಂತ ಆರೋಗ್ಯದ ಕಡಲನೀರಿನ ತೊಟ್ಟಿಯೊಂದರಿಂದ ಒಂದು ಹಿಡಿ ಸೆರಾಮಿಕ್ ಬಿಲ್ಲೆ ಸಿಕ್ಕರೆ ಕೆಲಸ ಬೇಗ ಸಾಗುತ್ತದೆ. ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಕ್ಕೆ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಬರುತ್ತವೆ. ಒಂದು ಚಿಟಿಕೆ ಮೀನಿನ ಆಹಾರ ಹಾಕಿ ಕೆಲವು ದಿನ ಬಿಟ್ಟು ನೋಡಿದರೂ ಸೊನ್ನೆಯಲ್ಲೇ ನಿಂತರೆ ತೊಟ್ಟಿ ಸಿದ್ಧ. ಸಂಗ್ರಹವಾದ ನೈಟ್ರೇಟನ್ನು ಇಳಿಸಲು ಕಾಲು ಭಾಗ ನೀರು ಬದಲಿಸಿ ಮೀನು ತರಬಹುದು.

ಮೀನಿನ ಆಯ್ಕೆಯಲ್ಲಿ ಮೊದಲ ಸ್ಥಾನ ಕ್ಲೌನ್ ಮೀನಿಗೆ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ತನ್ನ ವಿಳಿಂಜಂ, ಮಂಡಪಂ ಕೇಂದ್ರಗಳಲ್ಲಿ ಕ್ಲೌನ್ ಮೀನುಗಳನ್ನು ಮರಿಮಾಡಿಸಿ ಬೆಳೆಸುವ ವಿಧಾನವನ್ನು ರೂಪಿಸಿದೆ. ಹ್ಯಾಚರಿಯಲ್ಲಿ ಹುಟ್ಟಿದ ಮರಿ ಗುಳಿಗೆ ಆಹಾರ ತಿನ್ನಲು ಆಗಲೇ ಕಲಿತಿರುತ್ತದೆ, ತೊಟ್ಟಿಯ ಬದುಕಿಗೆ ಒಗ್ಗಿರುತ್ತದೆ. ಅದನ್ನು ಕೊಳ್ಳುವುದರಿಂದ ಹವಳದ ದಿಬ್ಬದ ಒಂದು ಮೀನೂ ಕಡಿಮೆಯಾಗುವುದಿಲ್ಲ. ಕಡಲಿನಲ್ಲಿ ಅದು ಕಡಲ ಹೂವಿನ ಗ್ರಹಣಾಂಗಗಳ ನಡುವೆ ಬದುಕಿದರೂ ತೊಟ್ಟಿಯಲ್ಲಿ ಅದಿಲ್ಲದೆ ಸುಖವಾಗಿರುತ್ತದೆ. ಕ್ಲೌನ್ ಮೀನುಗಳು ಮೊದಲು ಗಂಡಾಗಿ ಬೆಳೆಯುತ್ತವೆ, ಗುಂಪಿನಲ್ಲಿ ದೊಡ್ಡದು ಹೆಣ್ಣಾಗಿ ಮಾರ್ಪಡುತ್ತದೆ. ಆದ್ದರಿಂದ ಒಂದು ಚಿಕ್ಕದು, ಒಂದು ತುಸು ದೊಡ್ಡದು ಹೀಗೆ ಎರಡು ಮರಿ ತಂದರೆ ಅವು ತಾವಾಗಿ ಜೋಡಿಯಾಗುತ್ತವೆ. ತಿಂಗಳೊಂದು ಕಳೆದ ಮೇಲೆ ಒಂದು ಪುಟ್ಟ ಗೋಬಿ, ಪಾಚಿ ತಿನ್ನುವ ನಾಲ್ಕು ಬಸವನಹುಳು, ಒಂದೆರಡು ಸನ್ಯಾಸಿ ಏಡಿ. 85 ಲೀಟರಿಗೆ ಇಷ್ಟೇ ಮಿತಿ. ಡ್ಯಾಮ್ಸೆಲ್ ಮೀನು ಅಗ್ಗ, ಗಟ್ಟಿ ಜೀವ. ಆದರೆ ಬೆಳೆದಂತೆ ಜಗಳಗಂಟಿಯಾಗಿ ಮಿಕ್ಕವನ್ನು ಮೂಲೆಗೆ ಅಟ್ಟುತ್ತದೆ. ನೀಲಿ ಟ್ಯಾಂಗಿನಂಥ ದೊಡ್ಡದಾಗುವ ಮೀನಿಗೆ ಈ ತೊಟ್ಟಿ ಸೆರೆಮನೆ. ಅಂಗಡಿಯಲ್ಲಿ ಕೊಳ್ಳುವ ಮೊದಲು ಮೀನಿಗೆ ಆಹಾರ ಹಾಕಿಸಿ ನೋಡಬೇಕು. ತಿನ್ನದ ಮೀನನ್ನು ಅಗ್ಗವೆಂದು ತರಬಾರದು.

ತಂದ ಮೀನನ್ನು ನೇರ ತೊಟ್ಟಿಗೆ ಬಿಡದೆ ಮೂರು ನಾಲ್ಕು ವಾರ 25 ಲೀಟರಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಸ್ಪಂಜ್ ಫಿಲ್ಟರು ಹಾಕಿ, ಬೇರೆ ಇಡುವುದು ಅಗ್ಗದ ವಿಮೆ. ಉಪ್ಪಿನ ಹರಳು ಅಂಟಿದಂತೆ ಮೈಮೇಲೆ ಬಿಳಿ ಚುಕ್ಕೆ ಬರಿಸುವ ಪರೋಪಜೀವಿ ಮುಖ್ಯ ತೊಟ್ಟಿ ಸೇರಿದರೆ, ಅದನ್ನು ಕಳೆಯಲು ಮೀನುಗಳನ್ನೆಲ್ಲ ಹೊರತೆಗೆದು ಎರಡು ತಿಂಗಳಿಗೂ ಹೆಚ್ಚು ಕಾಲ ತೊಟ್ಟಿಯನ್ನು ಬರಿದಾಗಿಡಬೇಕಾಗುತ್ತದೆ. ತಾಮ್ರದ ಔಷಧಿಯನ್ನು ಈ ಬೇರೆ ಡಬ್ಬಿಯಲ್ಲಿ ಮಾತ್ರ ಬಳಸಬೇಕು. ಮೀನನ್ನು ಹೊಸ ನೀರಿಗೆ ಬಿಡುವಾಗ ಅದರ ಚೀಲದ ನೀರಿಗೆ ತೊಟ್ಟಿಯ ನೀರನ್ನು ಸಣ್ಣ ಕೊಳವೆಯಲ್ಲಿ ಹನಿಹನಿಯಾಗಿ ಒಂದು ಗಂಟೆ ಬೆರೆಸಿ, ಆಮೇಲೆ ಮೀನನ್ನಷ್ಟೇ ಬಿಟ್ಟು ಚೀಲದ ನೀರನ್ನು ಚೆಲ್ಲಬೇಕು.

ಆಮೇಲಿನ ದಿನಚರಿ ಸರಳ. ಬೆಳಿಗ್ಗೆ ಟೇಪಿನ ಗೆರೆಗೆ ಸಿಹಿನೀರು, ಉಷ್ಣಮಾಪಕದ ಮೇಲೆ ಒಂದು ಕಣ್ಣು. ದಿನಕ್ಕೆ ಎರಡು ಬಾರಿ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಆಹಾರ. ಗುಳಿಗೆಯ ಜೊತೆಗೆ ಹಸಿ ಸೀಗಡಿಯನ್ನು ಅಕ್ಕಿನುಚ್ಚಿನಷ್ಟು ಸಣ್ಣಗೆ ಕೊಚ್ಚಿ, ತೊಳೆದು, ಫ್ರೀಜರಿನಲ್ಲಿಟ್ಟು ವಾರಕ್ಕೆ ಎರಡು ಸಲ ಕೊಡಬಹುದು. ಭಾನುವಾರ 10 ಲೀಟರ್ ನೀರು ಬದಲಾವಣೆ. ಹೊಸ ನೀರನ್ನು ಶನಿವಾರ ರಾತ್ರಿಯೇ ಬೆರೆಸಿಟ್ಟು, ಉಪ್ಪು ಬಿಸಿ ಎರಡೂ ಹೊಂದಿಸಿಯೇ ಸುರಿಯಬೇಕು. ಫಿಲ್ಟರಿನ ಸ್ಪಂಜನ್ನು ತೆಗೆದ ಹಳೆಯ ನೀರಿನಲ್ಲೇ ಹಿಂಡಬೇಕು. ನಲ್ಲಿಯ ಕ್ಲೋರಿನ್ ತಾಗಿದರೆ ತಿಂಗಳುಗಟ್ಟಲೆ ಬೆಳೆಸಿದ ಬ್ಯಾಕ್ಟೀರಿಯ ಸಾಯುತ್ತದೆ. ಅಂಚಿನಲ್ಲಿ ಕಟ್ಟಿದ ಬಿಳಿ ಉಪ್ಪನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ನೈಟ್ರೇಟ್ ಲೀಟರಿಗೆ 20 ಮಿಲಿಗ್ರಾಂ ದಾಟಿದರೆ ಆಹಾರ ತಗ್ಗಿಸಿ ನೀರು ಹೆಚ್ಚು ಬದಲಿಸಬೇಕು. ಸಾಕಲಾರದ ಮೀನನ್ನು ಕಡಲಿಗೋ ಅಡ್ಯಾರಿಗೋ ಬಿಡದೆ ಅಂಗಡಿಗೆ ಅಥವಾ ಇನ್ನೊಬ್ಬ ಹವ್ಯಾಸಿಗೆ ಕೊಡಬೇಕು.

ವಿದ್ಯುತ್ತು ನಿಂತಾಗ ತೊಟ್ಟಿಯ ನಿಜವಾದ ಪರೀಕ್ಷೆ. 2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತ ಬಡಿದಾಗ, 2023ರ ಡಿಸೆಂಬರಿನಲ್ಲಿ ಮಿಚಾಂಗ್ ಮಳೆ ಸುರಿದಾಗ, ಚೆನ್ನೈಯ ಹಲವು ಬಡಾವಣೆಗಳಲ್ಲಿ ದಿನಗಟ್ಟಲೆ ಕರೆಂಟು ಇರಲಿಲ್ಲ. ಮನೆಯ ಇನ್ವರ್ಟರಿಗೆ ದೀಪ ಬೇಡ, ಫ್ಯಾನೂ ಬೇಡ; ವೇವ್ ಮೇಕರು ಒಂದನ್ನು ಜೋಡಿಸಿದರೆ ಸಾಕು. ಇನ್ವರ್ಟರು ಇಲ್ಲದವರಿಗೆ ಟಾರ್ಚಿನ ಸೆಲ್ಲಿನಿಂದ ಓಡುವ ಏರ್ ಪಂಪು ಇದೆ. ಅದೂ ನಿಂತರೆ ಒಂದು ಮಗ್ಗಿನಿಂದ ನೀರನ್ನು ಎತ್ತಿ ಎತ್ತಿ ಸುರಿಯಬೇಕು, ಆಹಾರ ಪೂರ್ತಿ ನಿಲ್ಲಿಸಬೇಕು. ಅಕ್ಟೋಬರ್ ಬರುವ ಮುನ್ನ ಸೆಲ್ಲು, ಬೆರೆಸಿಟ್ಟ ಒಂದು ಡ್ರಮ್ ಉಪ್ಪುನೀರು, ಎರಡು ಕ್ಯಾನ್ ಸಿಹಿನೀರು ಮನೆಯಲ್ಲಿರಬೇಕು.

ದಸರೆಗೋ ಮದುವೆಗೋ ಊರಿಗೆ ಹೊರಡುವಾಗ ಆಹಾರದ ಚಿಂತೆ ದೊಡ್ಡದಲ್ಲ. ಆರೋಗ್ಯದ ಮೀನು ಮೂರು ನಾಲ್ಕು ದಿನ ಉಪವಾಸವಿರಬಲ್ಲದು. ಆವಿಯಾಗುವ ನೀರು ಮಾತ್ರ ಕಾಯುವುದಿಲ್ಲ. ಪಕ್ಕದ ಮನೆಯವರಿಗೆ ಒಂದು ಅಳತೆಯ ಲೋಟ, ಒಂದು ಕ್ಯಾನ್ ನೀರು, ಗಾಜಿನ ಮೇಲಿನ ಬಿಳಿ ಟೇಪು ಇಷ್ಟನ್ನು ತೋರಿಸಬೇಕು. ಹೆಚ್ಚು ದಿನದ ಪ್ರಯಾಣವಾದರೆ ಆಹಾರವನ್ನು ದಿನಕ್ಕೊಂದು ಪೊಟ್ಟಣದಂತೆ ಕಟ್ಟಿ, ಮೇಲೆ ವಾರದ ಹೆಸರು ಬರೆದಿಟ್ಟು, ಉಳಿದ ಆಹಾರದ ಡಬ್ಬಿಯನ್ನು ಬೀರುವಿನಲ್ಲಿ ಬೀಗ ಹಾಕಿಡುವುದು ಒಳ್ಳೆಯದು. ಪ್ರೀತಿಯಿಂದ ಹೆಚ್ಚಾಗಿ ಹಾಕಿದ ಆಹಾರಕ್ಕಿಂತ ಒಂದು ದಿನದ ಉಪವಾಸ ಮೀನಿಗೆ ಕ್ಷೇಮ.